ಪಡಸಾಲೆಯ ಬೆಳಕು

ಅಳವಂಡಿಯಲ್ಲಿ ನಮ್ಮ ಮನೆಗೂ ಬಾಷಾಬಿಯ ಮನೆಗೂ ನಡುವೆ ಒಂದೇ ಗೋಡೆ. ಕೌದಿ ಹೊಲಿಯುವುದರಲ್ಲಿ ಸುತ್ತ ಹತ್ತು ಹಳ್ಳಿಯಲ್ಲಿ ಅವಳಿಗೆ ಸರಿಸಾಟಿ ಇರಲಿಲ್ಲ. ನನ್ನ ಮೂರೂ ಮಕ್ಕಳು ಅವಳು ಹೊಲಿದ ಕೌದಿಯ ಮೇಲೆ ಉಚ್ಚೆ ಹೊಯ್ದೇ ದೊಡ್ಡವರಾದದ್ದು.

ಕೌದಿ ಹಾಸಲು ಜಾಗ ಬೇಕು, ಸೂಜಿಗೆ ಬೆಳಕು ಬೇಕು. ಎರಡೂ ಇದ್ದದ್ದು ಪಡಸಾಲೆಯಲ್ಲಿ. ಆದರೆ ಅಲ್ಲಿ ಅವಳ ಗಂಡ ಮರ್ದಾನಸಾಬ ಮತ್ತವನ ಗೆಳೆಯರು ಇರುತ್ತಿದ್ದರು. ಬೆಳಿಗ್ಗೆ ಬಂದು ಕೂತರೆ ಚಹಾ, ಎಲೆ-ಅಡಿಕೆ, ಊರ ಉಸಾಬರಿ, ಸಂಜೆಯಾದರೂ ಏಳರು. ಬಾಷಾಬಿ ಪರದೆಯ ಹಿಂದಿನ, ಕಿಟಕಿಯಿಲ್ಲದ ಖೋಲಿಯಲ್ಲಿ ಕೌದಿಯನ್ನು ತೊಡೆಯ ಮೇಲೆ ಮಡಚಿಕೊಂಡು ಗೇಣು ಗೇಣಾಗಿ ಹೊಲಿಯುತ್ತಿದ್ದಳು. ಶುಕ್ರವಾರ ಗಂಡಸರು ನಮಾಜಿಗೆ ಹೋದ ಒಂದು ತಾಸು ಮಾತ್ರ ಪಡಸಾಲೆ ಅವಳದು. ಓಡಿ ಬಂದು ಇಡೀ ಕೌದಿ ಹಾಸಿ, ಪದರ ಸರಿಮಾಡಿ, ಚಪ್ಪಲಿ ಸಪ್ಪಳ ಕೇಳಿದ ಕೂಡಲೇ ಸುತ್ತಿಕೊಂಡು ಒಳಗೆ ಹೋಗುವಳು. ಮಗ ತಾಹೇರ ಸೋಫಾ ತಂದು ಹಾಕಿದ ಮೇಲೆ ಆ ಒಂದು ತಾಸೂ ಹೋಯಿತು.

ನನಗೆ ಸಿಟ್ಟು ಬರುತ್ತಿತ್ತು. ಒಮ್ಮೆ ಅಂದೇಬಿಟ್ಟೆ: "ಅಕ್ಕಾ, ನಮ್ಮ ಪಡಸಾಲ್ಯಾಗ ಬಂದು ಹೊಲಿ ಬಾ."

ಅವಳು ನಕ್ಕಳು. "ನಿಮ್ಮ ಮಾವಾರು ಎಲ್ಲಿ ಕುಂದರ್ತಾರವಾ, ಶಿವಲೀಲಾ?"

ನಮ್ಮ ಮನೆಯಲ್ಲಿ ಪರದೆ ಇರಲಿಲ್ಲ, ಅಷ್ಟೇ ವ್ಯತ್ಯಾಸ. ನಾನೂ ಹಿತ್ತಲ ಬಾಗಿಲಿನಿಂದ ಓಡಾಡುವವಳೇ.

ಎರಡು ವರ್ಷದಿಂದ ಅವಳ ಹೊಲಿಗೆ ಸೊಟ್ಟಗಾಗತೊಡಗಿತ್ತು. ಕೇಳಿದರೆ, "ಖೋಲ್ಯಾಗ ಭಾಳ ಕತ್ತಲ ಐತಿ" ಅನ್ನುತ್ತಿದ್ದಳು. ಹಿತ್ತಲಿಗೆ ಬಂದರೆ ಬಿಸಿಲು ಕಣ್ಣು ಕುಕ್ಕುತ್ತದೆ ಅನ್ನುತ್ತಿದ್ದಳು. ನಾವೆಲ್ಲ ನಂಬಿದೆವು. ಖೋಲಿ ಕತ್ತಲೆಯಿದ್ದದ್ದು ನಿಜವೇ ತಾನೆ!

ಹೋದ ವರ್ಷ ಮರ್ದಾನಸಾಬ ತೀರಿಕೊಂಡ. ಗಂಡ ಸತ್ತವರು ಪಾಲಿಸುವ ಇದ್ದತ್ತು ಎಂದು ನಾಲ್ಕು ತಿಂಗಳು ಹತ್ತು ದಿನ ಬಾಷಾಬಿ ಅದೇ ಖೋಲಿಯಲ್ಲಿ ಕೂತಳು. ಅದು ಮುಗಿದ ಮರುದಿನ ತಾಹೇರನೇ ಸೋಫಾ ಸರಿಸಿ, "ಅಮ್ಮಾ, ಇನ್ನ ಇಲ್ಲೇ ಕುಂತು ಹೊಲಿ" ಅಂದ. ನಾನೂ ಅಲ್ಲಿದ್ದೆ. ಮಟಮಟ ಮಧ್ಯಾಹ್ನ. ಅರ್ಧ ಹೊಲಿದ ಕೌದಿಯನ್ನು ಪೂರ್ತಿ ಹಾಸಿ ಹೊಸ್ತಿಲ ಹತ್ತಿರ ಕೂತಳು. ಮುಖ ಅರಳಿತ್ತು. ಸೂಜಿಗೆ ದಾರ ಪೋಣಿಸಲು ಹೋದಳು. ಒಮ್ಮೆ, ಎರಡು ಸಲ, ಹತ್ತು ಸಲ.

"ಮುಬಾಶಿರಾ, ಬಾಗಲಾ ತಗೀ ಬೇಟಾ" ಎಂದಳು ಮೊಮ್ಮಗಳಿಗೆ.

"ತಗದೈತಿ, ದಾದಿ."

ಕೊಪ್ಪಳದ ಡಾಕ್ಟರು, ಕಣ್ಣಿನ ನರ ಒಣಗಿವೆ, ಹೋದ ದೃಷ್ಟಿ ತಿರುಗಿ ಬರುವುದಿಲ್ಲ ಎಂದರು. "ಇಷ್ಟ ದಿನ ಗೊತ್ತಾಗ್ಲಿಲ್ಲೇನಮ್ಮಾ?"

"ಖೋಲಿದಾ ಕತ್ತಲ ಅಂತ ತಿಳ್ಕೊಂಡಿದ್ನಿರಿ" ಎಂದಳು ಬಾಷಾಬಿ.

ಈಗ ಇಡೀ ಪಡಸಾಲೆ ಅವಳದು. ತಾಹೇರನ ಗೆಳೆಯರು ಬಂದರೂ ಅವಳಿಗೆ ಒಳಗೆ ಹೋಗು ಎನ್ನುವವರಿಲ್ಲ. ಕಣ್ಣು ಕಾಣದವಳಿಗೆ ಪರದೆ ಯಾಕೆ ಅಂತ ಇರಬೇಕು. ಅವಳು ಮಾತ್ರ ಚಪ್ಪಲಿ ಸಪ್ಪಳ ಕೇಳಿದ ಕೂಡಲೇ ಇವತ್ತಿಗೂ ಆ ಅರ್ಧ ಕೌದಿ ಸುತ್ತಿಕೊಂಡು ಏಳುತ್ತಾಳೆ, ಗೋಡೆ ತಡವುತ್ತ ಒಳಗೆ ಹೋಗುತ್ತಾಳೆ.