ಮುನ್ನೂರು ಬಸ್ಕಿ

ಕೊಪ್ಪದ ಬಳಿಯ ನಾರ್ವೆ ಹಳ್ಳಿಯ ಸುಮಲತಾ ಹೈಸ್ಕೂಲಿನಲ್ಲಿ ತಾಲ್ಲೂಕಿಗೇ ಮೊದಲು ಬಂದ ಓಟಗಾರ್ತಿ. ಈಗ ಮೂವತ್ತಾರು ವಯಸ್ಸು, ತೋಟದ ಕೂಲಿ, ಇಬ್ಬರು ಮಕ್ಕಳು. ಆ ಓಟದ ಬಗ್ಗೆ ಗಂಡನ ಮನೆಯಲ್ಲಿ ಯಾರೂ ಕೇಳಿದವರಿಲ್ಲ. ಮೈದುನನ ಹೆಂಡತಿಯಾಗಿ ಅಂಬಿಕಾ ಬಂದ ಮೇಲಂತೂ ಮನೆಯಲ್ಲಿ ಮಾತೆಲ್ಲ ಅವಳ ಬಗ್ಗೆಯೇ. ಫಾರೆಸ್ಟ್ ಗಾರ್ಡ್ ಕೆಲಸಕ್ಕೆ ಸೇರಬೇಕೆಂದು ಅಂಬಿಕಾ ದಿನಾ ಬೆಳಿಗ್ಗೆ ಓಡುತ್ತಿದ್ದಳು. ಬೆವರಿ ಬಂದವಳಿಗೆ ಅತ್ತೆ ಕರಿಯಕ್ಕ ಬೇಯಿಸಿದ ಮೊಟ್ಟೆ ಸುಲಿದು ಕೊಡುತ್ತಿದ್ದರು. ಹದಿನಾಲ್ಕು ವರ್ಷ ದುಡಿದ ಸುಮಲತಾಗೆ ಯಾರೂ ಮೊಟ್ಟೆ ಸುಲಿದು ಕೊಟ್ಟಿರಲಿಲ್ಲ.

ಮಹಿಳಾ ಸಂಘದ ಆಟೋಟದ ದಿನ ಬಸ್ಕಿ ಹೊಡೆಯುವ ಸ್ಪರ್ಧೆ ಇತ್ತು. ಅಂಬಿಕಾ ನೂರಾ ಎಂಬತ್ತಕ್ಕೆ ನಿಲ್ಲಿಸಿದಳು. "ಸಾಕಪ್ಪ, ನಾಳೆ ಓಡೋಕಾಗಲ್ಲ" ಎಂದು ನಗುತ್ತ ಕುಳಿತಳು. ಸುಮಲತಾಗೆ ಆ ನಗುವನ್ನೇ ಸಹಿಸಲಾಗಲಿಲ್ಲ. ವರ್ಷಗಳಿಂದ ಒಂದು ಬಸ್ಕಿಯನ್ನೂ ಹೊಡೆಯದವಳು, ತೊಡೆ ನಡುಗಿದರೂ ಬಿಡದೆ ಮುನ್ನೂರು ಮುಟ್ಟಿಸಿದಳು. ಎಲ್ಲರಿಗಿಂತ ಮೊದಲು ಓಡಿ ಬಂದು ತಬ್ಬಿಕೊಂಡವಳು ಅಂಬಿಕಾಳೇ. ಗೆಲುವಿನ ರುಚಿ ಅಲ್ಲಿಗೇ ಅರ್ಧ ಹೋಯಿತು.

ಮರುದಿನ ತೊಡೆ ಊದಿ ಕಲ್ಲಾಗಿತ್ತು. ಮೂರನೆಯ ದಿನ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತು. ಅಂಬಿಕಾಳ ಎದುರು ನೋವು ತೋರಿಸಬಾರದೆಂದು ಸುಮಲತಾ ಮಾತ್ರೆ ನುಂಗಿ ಸುಮ್ಮನಿದ್ದಳು. ಗೋಡೆ ಹಿಡಿದು ನಡೆಯುವುದನ್ನು ಅಂಬಿಕಾ ಕಂಡುಬಿಟ್ಟಳು.

"ಅಕ್ಕ, ಉಚ್ಚೆ ಕಪ್ಪಗೆ ಹೋಗ್ತಿದ್ಯಾ? ನಿಜ ಹೇಳಿ."

"ನಿಂಗೆಂತಕ್ಕೆ ಅದೆಲ್ಲ?"

"ನಾನು ಓಡೋ ಗ್ರೌಂಡಲ್ಲಿ ಒಬ್ಬಳಿಗೆ ಹಿಂಗೇ ಆಗಿತ್ತು. ಏಳಿ, ಕೊಪ್ಪದ ಆಸ್ಪತ್ರೆಗೆ ಹೋಗೋಣ."

ರಕ್ತ ಪರೀಕ್ಷೆ ನೋಡಿ ಡಾಕ್ಟರಮ್ಮ ಹುಬ್ಬು ಗಂಟಿಕ್ಕಿದರು. "ರೂಢಿಯಿಲ್ಲದ ಸ್ನಾಯು ಒಂದೇ ಸಲಕ್ಕೆ ಒಡೆದುಹೋಗಿದೆ. ಅದರೊಳಗಿದ್ದದ್ದು ರಕ್ತಕ್ಕೆ ಸೇರಿ ಕಿಡ್ನಿಗೆ ಪೆಟ್ಟು ಕೊಡ್ತಿದೆ. ನೋವಿನ ಮಾತ್ರೆ ಅದನ್ನ ಇನ್ನೂ ಹೆಚ್ಚು ಮಾಡಿದೆ. ರೋಗದ ಜೊತೆ ಹೋರಾಡೋ ಬಿಳಿ ರಕ್ತಕಣಗಳು ಈಗ ಒಡೆದ ಸ್ನಾಯುವಿನ ಚೂರು ಬಾಚಿ ತೆಗೆಯೋಕೆ ತೊಡೆಗೆ ಮುತ್ತಿವೆ. ಈ ಊತ, ನೋವಿಗೆ ಅದೂ ಒಂದು ಕಾರಣ." ಆಮೇಲೆ ಅಂಬಿಕಾಳ ಕಡೆ ತಿರುಗಿ, "ತಡ ಮಾಡಿದ್ರೆ ಡಯಾಲಿಸಿಸ್ ಬೇಕಾಗ್ತಿತ್ತು. ಜಾಣೆ ನೀವು" ಎಂದರು.

ಕೈಗೆ ಡ್ರಿಪ್ ಚುಚ್ಚಿಸಿಕೊಂಡು ಮಲಗಿದ್ದ ಸುಮಲತಾಳನ್ನು ಸೂಜಿಗಿಂತ ಹೆಚ್ಚು ಚುಚ್ಚಿದ್ದು ಆ 'ಜಾಣೆ' ಎಂಬ ಮಾತು.

ಆರು ದಿನ ಅಂಬಿಕಾ ಪಕ್ಕದಲ್ಲೇ ಇದ್ದು ನೀರು ಕುಡಿಸಿದಳು. ಮೂತ್ರ ತಿಳಿಯಾದ ದಿನ ಸುಮಲತಾ ಅವಳ ಮುಖ ನೋಡದೆ ಹೇಳಿದಳು: "ನೀ ಬಂದಾಗಿಂದ ನಿನ್ನ ಕಂಡ್ರೆ ಹೊಟ್ಟೆ ಉರೀತದೆ ಕಣೇ."

"ಗೊತ್ತು ಅಕ್ಕ. ಟ್ರಂಕಲ್ಲಿ ನಿಮ್ಮ ಓಟದ ಸರ್ಟಿಫಿಕೇಟ್ ನೋಡಿ ನಂಗೂ ಉರಿದಿತ್ತು. ಶಾಲೇಲಿ ನಂಗೆ ಒಂದೂ ಪ್ರೈಜ್ ಬಂದಿರ್ಲಿಲ್ಲ."

ತನ್ನನ್ನು ಕಂಡು ಕರುಬುವವರೂ ಇದ್ದಾರೆಂಬುದು ಸುಮಲತಾಗೆ ಹಿತವೆನಿಸಿತು. ಮುಂದೆ ಅಂಬಿಕಾಗೆ ಕೆಲಸ ಸಿಕ್ಕಿತು. ಖಾಕಿ ತೊಟ್ಟು ಅವಳು ಬಸ್ ಹತ್ತಿದ ದಿನ ಸುಮಲತಾಳ ಹೊಟ್ಟೆ ಮತ್ತೆ ಉರಿಯಿತು. ಆದರೂ ಬಸ್ಸು ತಿರುವು ದಾಟುವವರೆಗೆ ಕೈ ಬೀಸುತ್ತಲೇ ನಿಂತಿದ್ದಳು.