ಜೋಡೀದಾರನಿಗೆ ನಾನು ಹೇಳಿಕೊಡದ ಮಾತು

ಅವನ ಎರಡು ಹುಬ್ಬುಗಳು ಬೇರೆ ಬೇರೆ ಕುಣಿಯುತ್ತಿದ್ದವು. ಎಡದ್ದು ಅಳುತ್ತಿದ್ದರೆ ಬಲದ್ದು ನಗುತ್ತಿತ್ತು, ಎರಡರ ಮೇಲೂ ಹತ್ತಿಯ ಧೂಳು. ನಾನೂ ತಿಂಗಳುಗಟ್ಟಲೆ ಕನ್ನಡಿ ಮುಂದೆ ನಿಂತು ಕಲಿಯಲು ನೋಡಿದೆ. "ಹಲ್ಲ ನೋಯಾಕತ್ತೈತೇನ್ರಿ?" ಅಂತ ಹೆಂಡತಿ ಕೇಳಿದಳು. ಅವತ್ತಿಗೆ ಬಿಟ್ಟೆ.

ಇಚಲಕರಂಜಿಯ ಪವರ್‌ಲೂಮ್ ಶೆಡ್ಡಿನಲ್ಲಿ ಅವನು ನನ್ನ ಜೋಡೀದಾರ. ಪಕ್ಕಪಕ್ಕದ ಮಗ್ಗ ನಮ್ಮವು. ಅವನು ದತ್ತವಾಡದವನು, ನಾನು ನೂಲದವನು. ಮಗ್ಗಗಳ ಖಟಖಟದಲ್ಲಿ ಕೂಗಿದರೂ ಕೇಳಿಸುವುದಿಲ್ಲ. ಅಲ್ಲಿ ಎಲ್ಲರೂ ತುಟಿ ಅಲುಗಿಸಿ, ಕೈಸನ್ನೆ ಮಾಡಿಯೇ ಮಾತಾಡುವುದು. ಮೀಸೆ ತಿರುವಿದರೆ ಮೇಲ್ವಿಚಾರಣೆಯ ಮುಕಾದಮ ಬಂದ ಅಂತ ಅರ್ಥ. ಈ ಪುಣ್ಯಾತ್ಮ ಬರೀ ಸನ್ನೆಯಲ್ಲೇ ಇಡೀ ಶೆಡ್ಡನ್ನು ನಗಿಸುತ್ತಿದ್ದ. ನಗುತ್ತ ನಿಂತವರ ಎಳೆ ಹರಿದು ಬಟ್ಟೆ ಕೆಡುತ್ತಿತ್ತು. ಬೈಸಿಕೊಳ್ಳುವವರು ನಾವು, ಹೊಗಳಿಸಿಕೊಳ್ಳುವವನು ಅವನು!

ಕೆಲಸಗಾರರೆಲ್ಲ ಸೇರಿ ನಾಟಕ ಆಡಿದಾಗ ಬರೆದವನು ನಾನು. ಅವನಿಗೆ ಗೌಡನ ಆಳಿನ ಪಾತ್ರ, ನಾಲ್ಕೇ ಮಾತು. ಆ ನಾಲ್ಕೂ ಅವನಿಗೆ ನೆನಪಿರುತ್ತಿರಲಿಲ್ಲ. ನಾನು ಪರದೆಯ ಪಕ್ಕ ನಿಂತು ಶೆಡ್ಡಿನಂತೆ ದನಿಯಿಲ್ಲದೆ ತುಟಿಯಲ್ಲೇ ಹೇಳಿಕೊಡುತ್ತಿದ್ದೆ, ಅವನು ನೋಡಿ ತಿಳಿದುಕೊಳ್ಳುತ್ತಿದ್ದ. ಮಂದಿಗೆ ಸುಳಿವೇ ಇಲ್ಲ. "ಏನ್ ನೆನಪರೀ ಇವ್ರದು!" ಅನ್ನುತ್ತಿದ್ದರು. ನನ್ನ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದಂತಾಗುತ್ತಿತ್ತು.

ಗಡಹಿಂಗ್ಲಜದಲ್ಲಿ ಆಟವಾದಾಗ ನಮ್ಮಪ್ಪ ನೂಲದಿಂದ ಬಂದು ಮುಂದೆಯೇ ಕೂತಿದ್ದ. ಮಗ ಬರೆದ ನಾಟಕ ಅಂತ ಊರಿಗೆಲ್ಲ ಹೇಳಿಕೊಂಡು ಬಂದಿದ್ದ. ಇವತ್ತೊಂದು ದಿನವಾದರೂ ಅಪ್ಪ ನನ್ನ ಮಾತಿಗೆ ನಗಲಿ, ಇವನ ಹುಬ್ಬಿಗಲ್ಲ ಅನ್ನಿಸಿತು. ಜೋಡೀದಾರ ಮಾತು ಮರೆತು ನನ್ನ ಕಡೆ ನೋಡಿದ. ನಾನು ಬೇಕಂತಲೇ ತುಟಿ ಬಿಗಿದುಕೊಂಡೆ.

ಅವನು ನಿಂತೇ ನಿಂತ. ಮತ್ತೊಮ್ಮೆ ನೋಡಿದ. ನಾನು ಮುಖ ತಿರುವಿದೆ. ಆಮೇಲೆ ಅವನು ಗೌಡನ ಪಾತ್ರದವನ ಎದುರು ಮೀಸೆ ತಿರುವಿ, ಬಾಯಿ ಬಿಡದೆ ಬರೀ ಸನ್ನೆಯಲ್ಲಿ ಬೈಯತೊಡಗಿದ. ಮೊದಲು ನಮ್ಮ ಮಗ್ಗದವರು ನಕ್ಕರು, ಆಮೇಲೆ ಇಡೀ ಗಡಹಿಂಗ್ಲಜ. ಆಟ ಮುಗಿದಾಗ ಅಪ್ಪ ಧೋತರದ ಚುಂಗಿನಿಂದ ಕಣ್ಣೊರೆಸಿಕೊಳ್ಳುತ್ತ ಬಂದ. "ಆ ಆಳಿನ ಪಾಲ್ಟ ಭಾಳ ಚಲೋ ಬರದೀ ನೋಡಪಾ. ಉಳಿದದ್ದೂ ಹಂಗ ಬರೀಬೇಕಿತ್ತು" ಅಂದ.

ಅದೇ ಆಟ ನೋಡಿದ ಕೊಲ್ಹಾಪುರದ ನಾಟಕ ಕಂಪನಿಯ ಮಾಲೀಕ ಅವನನ್ನು ಕರೆದುಕೊಂಡು ಹೋದ. ಮುಂದಿನದು ಕೇಳಬೇಡಿ. ಕನ್ನಡ, ಮರಾಠಿ ಎರಡರಲ್ಲೂ ಹಾಸ್ಯಪಾತ್ರ ಮಾಡಿದ. ತಾನೇ ಪ್ರಹಸನ ಬರೆದ. ಬರೆಯುವುದೂ ಬಂತು ನೋಡಿ ಅವನಿಗೆ! ಕುಸ್ತಿ ಮೈದಾನದಲ್ಲಿ ಮೈಕು ಹಿಡಿದ. ಪೈಲವಾನರನ್ನು ಬಿಟ್ಟು ಮಂದಿ ಇವನ ಮಾತಿಗೇ ಕಿವಿ ಕೊಟ್ಟರು. ಕೊನೆಗೆ ರೇಡಿಯೋದಲ್ಲೂ ಬಂದ. ಚಹಾದಂಗಡಿಯಲ್ಲಿ ಅವನ ದನಿ ಕೇಳಿದರೆ ಸಾಕು, "ಬಂದ್ ಮಾಡ್ರಿ, ತಲಿ ನೋಯಾಕತ್ತೈತಿ" ಅನ್ನುತ್ತಿದ್ದೆ. ಒಳಗೊಳಗೆ ಒಂದೇ ಸಮಾಧಾನ: ನಾನು ಬಾಯಿ ಮುಚ್ಚಿದ್ದಕ್ಕೇ ಅವನು ದೊಡ್ಡವನಾದ.

ಶೆಡ್ಡು ಬಿಟ್ಟರೂ ಹತ್ತಿಯ ಧೂಳು ಅವನ ಎದೆ ಬಿಡಲಿಲ್ಲ. ಹಾಸಿಗೆ ಹಿಡಿದಿದ್ದಾನೆ ಅಂತ ತಿಳಿದು ಕೊಲ್ಹಾಪುರಕ್ಕೆ ಹೋದೆ.

"ಗಡಹಿಂಗ್ಲಜದಾಗ ನಾ ಬೇಕಂತನ ಬಾಯಿ ಮುಚ್ಚಿದ್ದೆ," ಅಂದೆ.

"ಗೊತ್ತೈತಿ ಬಿಡೋ."

"ಮತ್ತ ಬೈಲಿಲ್ಲ ಯಾಕ?"

ಕೆಮ್ಮು ನಿಂತ ಮೇಲೆ ಹೇಳಿದ: "ಬೈಯೂದೇನ ಬಂತು. ಅವತ್ತ ಭಾಳ ಅಂಜಿದ್ನಿ. ಅಲ್ಲಿಂದ ಮುಂದ ಎಂಥಾ ಸ್ಟೇಜ್ ಹತ್ತಿದ್ರೂ ಬಾಜೂಕ ಪರದೆ ಕಡೆ ನೋಡೂದ ಬಿಟ್ಟೆ. ಎಲ್ಲಾರೂ ನಗತಿದ್ರು, ನಾ ಒಬ್ಬಾವನ ನಿಂತಂಗ ಆಗತಿತ್ತು."

ವಾರದಲ್ಲಿ ಹೋಗಿಬಿಟ್ಟ. ನಟರು, ಪೈಲವಾನರು, ರಸ್ತೆ ತುಂಬ ಜನ. ಸುಳ್ಳು ಯಾಕೆ ಹೇಳಲಿ, ಆ ಮಂದಿ ನೋಡಿಯೂ ಹೊಟ್ಟೆ ಉರಿಯಿತು. ಅಷ್ಟು ಜನರಲ್ಲಿ ಅವನ ಹೆಂಡತಿ ನನ್ನನ್ನು ಹುಡುಕಿ ಕರೆದಳು. "ಮುಂದ ಇವರ ಹೆಗಲ ಕೊಡ್ಲಿರಿ. ನನ್ನ ಜೋಡೀದಾರ ನನಗ ಮಾತ ಕಲಿಸ್ಯಾನ ಅಂತ ಯಾವಾಗ್ಲೂ ಅಂತಿದ್ರು."

ಹೆಗಲು ಕೊಟ್ಟೆ. ಅವನು ಒಮ್ಮೆಯಾದರೂ ಬೈದಿದ್ದರೆ ಇಷ್ಟೊತ್ತಿಗೆ ಮರೆತಿರುತ್ತಿದ್ದೆ.