ಅಜ್ಜಿ ಶುದ್ಧಿ ಮಾಡಿದ ಸೋಫಾ

ಅಯ್ಯೋ, ಎಷ್ಟು ಚೆಂದ ಕೋಲಾರದ ಈ ನನ್ನ ಮನೆ! ಮದುವೆಯಾಗಿ ಇನ್ನೂ ತಿಂಗಳಾಗಿಲ್ಲ. ತವರಿನಿಂದ ನನ್ನ ಹಿಂದೆಯೇ ಬಂದ ಹಳೆಯ ಬಟ್ಟೆಯ ಸೋಫಾವನ್ನು ಇವತ್ತು ಸೋಪಿನ ನೀರಿನಲ್ಲಿ ತಿಕ್ಕಲು ಕೂತೆ. ಬಟ್ಟೆ ಒದ್ದೆಯಾದದ್ದೇ ತಡ, ಒಳಗಿನಿಂದ ಸಗಣಿಯ ವಾಸನೆ ಎದ್ದಿತು, ಹಳೆಯ ಹಸಿರು ಕಲೆಯೂ ಮೇಲೆ ಮೂಡಿತು. ಮರುಕ್ಷಣ ನಾನು ಮತ್ತೆ ಶಾಲೆಯ ಹುಡುಗಿಯಾಗಿ ಮುಳಬಾಗಿಲಿನ ತವರುಮನೆಯ ಹಜಾರದಲ್ಲಿದ್ದೆ.

ಊರು ಬಿಟ್ಟು ಹೊರಟ ಚಿನ್ನದ ಗಣಿಯ ಇಂಗ್ಲಿಷ್ ದೊರೆಯೊಬ್ಬರಿಂದ ಅಪ್ಪ ಈ ಸೋಫಾವನ್ನು ಕೊಂಡು ತಂದಿದ್ದರು. "ಯಾರ್ಯಾರೋ ಕೂತಿದ್ದು ಕಣೋ, ಹಂಗೇ ಒಳಗಿಟ್ಕೊಳ್ಳಕ್ಕಾಗ್ತದಾ?" ಎಂದು ಅಪ್ಪನಿಗೆ ಹೇಳಿ, ಸದಾ ಮಡಿಯಲ್ಲಿರುತ್ತಿದ್ದ ಅಜ್ಜಿ, ನೆಲ ಸಾರಿಸುವಂತೆ ಸೋಫಾವನ್ನೂ ಸಗಣಿ ನೀರಿನಿಂದ ಸಾರಿಸಿಬಿಟ್ಟರು!

ಮರುದಿನವೇ ನಮ್ಮ ಇಂಗ್ಲಿಷ್ ಶಾಲೆಯ ದೊರೆಸಾನಿ ಟೀಚರ್, ಮನೆಯಲ್ಲಿ ನನ್ನ ಓದು ನಿಲ್ಲಿಸುವ ಮಾತು ನಡೆದಿದೆ ಎಂದು ತಿಳಿದು, ಶಾಲೆ ಬಿಡಿಸಬೇಡಿ ಎಂದು ಹೇಳಲು ಬಂದರು. ಸೋಫಾದ ಮೇಲ್ಭಾಗ ಒಣಗಿತ್ತು, ಒಳಗೆ ಇನ್ನೂ ಹಸಿಯಾಗಿತ್ತು. ಅವರು ಅದರ ಮೇಲೆ ಕೂತು ಎದ್ದಾಗ ಬಿಳಿಯ ಗೌನಿನ ಹಿಂದೆ ಅಂಗೈಯಗಲ ಹಸಿರು ಕಲೆ. ನಾನು ನಾಚಿಕೆಯಿಂದ ಕಂಬದ ಹಿಂದೆ ಸರಿದೆ. ಇವರು ನನ್ನ ಅಜ್ಜಿಯಾಗಿರಬಾರದಿತ್ತು ಎನಿಸಿತು.

ಅಜ್ಜಿ ನನ್ನ ಮುಖ ನೋಡಿದರು. ಮಡಿಯಲ್ಲಿ ನಮ್ಮನ್ನೂ ಮುಟ್ಟದ ಅವರು ಮಂಡಿಯೂರಿ, ತಮ್ಮ ಸೆರಗನ್ನೇ ನೆನೆಸಿ ಆ ಗೌನು ಒರೆಸಿದರು. "ಮಗೂದೇನೂ ತಪ್ಪಿಲ್ಲಮ್ಮ, ನಂದೇ. ಓದಿಸ್ತೀವಿ," ಎಂದರು.

ಇವತ್ತು ಸಂಜೆ ಅಜ್ಜಿ ಇಲ್ಲಿಗೆ ಬರುತ್ತಾರೆ. "ಬಟ್ಟೆ ಹರಿದೋಗ್ತದೆ ಕಣೇ, ಸಾಕು ಬಿಡು," ಎಂದು ನಮ್ಮ ಯಜಮಾನರು ನಗುತ್ತಿದ್ದಾರೆ. ನಾನು ತಿಕ್ಕುತ್ತಲೇ ಇದ್ದೇನೆ. ಈ ಕಲೆ ಕಂಡರೆ, ತಮ್ಮ ಬಗ್ಗೆ ನಾಚಿಕೊಂಡ ಅಂದಿನ ನನ್ನ ಮುಖ ಅಜ್ಜಿಗೆ ನೆನಪಾಗುತ್ತದೆ.